ಸೈಪ್ರಸ್ಸಿಗೆ ಹೋಗಿ ಬನ್ನಿ

ಮೀರಾಳ ಅಪ್ಪನಿಗೆ,

ಇವತ್ತು ಬೆಳಿಗ್ಗೆ ಮೋಡ ಸರಿದು ಹೊಲದ ಮೇಲೆ ತೆಳ್ಳಗೆ ಮಂಜು ನಿಂತಿದೆ. ಮಗಳನ್ನು ಕರೆದುಕೊಂಡು ಸಾಯಗಾಂವಕ್ಕೆ, ತವರಿಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಕುರಿಗಳನ್ನು ನಿಮ್ಮ ತಮ್ಮ ಬಕ್ಕಪ್ಪ ನೋಡಿಕೊಳ್ಳುತ್ತಾನೆ.

ಲಡಾಯಿಯ ಕಾಲದಲ್ಲಿ ಇಂಗ್ಲಿಷರ ಫೌಜಿನಲ್ಲಿದ್ದು, ರಜೆ ಸಿಕ್ಕಾಗ ಹಾಯಿದೋಣಿಯಲ್ಲಿ ಸೈಪ್ರಸ್ ದ್ವೀಪ ಸುತ್ತಿದ ಕಥೆಯನ್ನು ನೀವು ಹೇಳದ ದಿನವಿಲ್ಲ. ನಿನ್ನೆಯೂ ಮಗಳಿಗೆ, "ಅಗಸಿ ಹೊಲ ಹೂ ಬಿಟ್ಟಂಗ ನೀರು ನೀಲಿ ಇತ್ತವ್ವಾ" ಅಂದಿರಿ. "ಮತ್ತ ಯಾಕ ಹೋಗಂಗಿಲ್ಲಪ್ಪಾ?" ಎಂದಳು. ನೀವು ನನ್ನ ಮುಖ ನೋಡಿದಿರಿ.

ರಜೆಗೆ ಬರುವವರನ್ನು ದ್ವೀಪ ಸುತ್ತಿಸಲು ಆಗ ನಿಮ್ಮನ್ನು ಸುತ್ತಿಸಿದ ಆ ದೋಣಿಯವನು, ಜೊತೆಗೆ ಕೆಲಸ ಮಾಡಲು ಬಾ ಎಂದು ಕಾಗದ ಬರೆದು ಕರೆದಿದ್ದಾನೆ. ಹೋಗಿ ಬನ್ನಿ. ನಾನು ಬಾಗಿಲಲ್ಲಿ ನಿಂತರೆ "ಬ್ಯಾಡ್ರಿ" ಎಂದುಬಿಡುತ್ತೇನೆ, ಅದಕ್ಕೇ ಮೊದಲು ಹೊರಟೆ. ಕಂಬಳಿ ಮರೆಯಬೇಡಿ. ಸಮುದ್ರದ ಗಾಳಿಗೂ ನಮ್ಮ ಕುರಿಯ ವಾಸನೆ ಗೊತ್ತಾಗಲಿ.

ರಜಾಕಾರರ ಗದ್ದಲದಲ್ಲಿ, ನನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂದು ಮೈಲಾರ ಮಲ್ಲಣ್ಣನ ಭಂಡಾರ ಮುಟ್ಟಿ ಆಣೆ ಮಾಡಿದಿರಿ. ಆ ಅರಿಶಿನವನ್ನು ನನ್ನ ಸೆರಗಿಗೆ ಕಟ್ಟಿದಿರಿ. ಈಗ ಹಿಂದುಸ್ತಾನದ ಫೌಜು ಬಂದು ಗದ್ದಲ ಮುಗಿದಿದೆ. ಆಣೆಯ ಭಂಡಾರವನ್ನು ಕಟ್ಟಿಸಿಕೊಂಡವರು ಮರಳಿ ಕೊಡದೆ ಆಣೆ ಇಳಿಯುವುದಿಲ್ಲ ಎನ್ನುತ್ತಿದ್ದಳು ನಮ್ಮ ಅಜ್ಜಿ.

ನೀವಿನ್ನೂ ಮಲಗಿದ್ದೀರಿ. ಸೆರಗಿನ ಗಂಟು ಬಿಚ್ಚಿ ಆ ಅರಿಶಿನವನ್ನು ನಿಮ್ಮ ಅಂಗೈಯಲ್ಲಿಟ್ಟು, ಬೆರಳು ಮಡಚಿದ್ದೇನೆ.