ಇಪ್ಪತ್ತನಾಲ್ಕು ಚಕ್ರದ ಪೂಜೆ

ಹಳೇನಗರ, ಭದ್ರಾವತಿ
ಆಯುಧಪೂಜೆಯ ಸಂಜೆ

ಮಗಳು ಇಂಪನಾಗೆ ಅಪ್ಪನ ಆಶೀರ್ವಾದ.

ನೀನೇ ನಿಂತು ತುಂಬಿಸಿದ ಮೊದಲ ಲೋಡಿನ ವಿಡಿಯೋ ನೋಡಿದೆ. ಆ ಸರಕು ವಿಮಾನ ಮೂತಿ ಮೇಲೆತ್ತಿ, ಮುಂಗಾಲು ಬಗ್ಗಿಸಿ ನಿಂತಿತ್ತು. ನೀನು ಕೈ ಬೀಸಿದಂತೆ ನೂರು ಟನ್ನಿನ ಜನರೇಟರ್ ಅದರ ಹೊಟ್ಟೆಯೊಳಗೆ ಹೋಯಿತು. ಕಾರ್ಖಾನೆಯಲ್ಲಿ ನಾನು ಓಡಿಸುತ್ತಿದ್ದ ಕ್ರೇನಿಗೆ ಅದರ ಅರ್ಧ ಭಾರವೂ ಏಳುತ್ತಿರಲಿಲ್ಲ. “ಹೆಣ್ಣುಮಗೂಗೆ ಇದೆಂಥ ಕೆಲಸ ಮಾರಾಯ” ಅಂದಿದ್ದ ನಿನ್ನ ದೊಡ್ಡಪ್ಪ ಮೂರು ಸಲ ಹಾಕಿಸಿಕೊಂಡು ನೋಡಿದರು.

ನಾನು ಹೇಳಿದಂತೆ ಚಕ್ರದಡಿ ನಿಂಬೆಹಣ್ಣು ಇಡಲು ಕ್ಯಾಪ್ಟನ್ ಬಿಡಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ವಿಮಾನದ ಹತ್ತಿರ ನೆಲದ ಮೇಲೆ ಏನೂ ಬಿದ್ದಿರಬಾರದು ಎನ್ನುವುದು ಸರಿಯೇ. ಆ ಕೆಲಸ ನಾನು ಇಲ್ಲಿ ಮುಗಿಸಿದ್ದೇನೆ. ನಿನ್ನ ವಿಮಾನಕ್ಕೆ ಇಪ್ಪತ್ತನಾಲ್ಕು ಚಕ್ರ, ನನ್ನ ಸ್ಕೂಟರಿಗೆ ಎರಡೇ. ಹಾಗಾಗಿ ಶಿವಮೊಗ್ಗದಿಂದ ಇಪ್ಪತ್ತನಾಲ್ಕು ನಿಂಬೆಹಣ್ಣು ತಂದು ಬಾಗಿಲ ಮುಂದೆ ಸಾಲಾಗಿಟ್ಟು, ನಿನ್ನ ವಿಮಾನದ ಹೆಸರು ಹೇಳಿ ಎಲ್ಲದರ ಮೇಲೂ ಸ್ಕೂಟರ್ ಹತ್ತಿಸಿದೆ. ಒಂದೂ ತಪ್ಪಲಿಲ್ಲ.

ಬಾಗಿಲು ತೊಳೆಯುತ್ತಾ ನಿನ್ನ ಅಮ್ಮ, “ಚಿಕ್ಕ ವಿಮಾನಕ್ಕೆ ಸೇರ್ಕೊ ಅಂತ ಬರೀರಿ ಅವಳಿಗೆ” ಅಂದಳು. ಅವಳ ಮಾತು ಕೇಳಬೇಡ. ಇದಕ್ಕಿಂತ ದೊಡ್ಡದಿದ್ದರೆ ಅದಕ್ಕೇ ಸೇರು. ನಿಂಬೆಹಣ್ಣು ನಾನು ತರುತ್ತೇನೆ.

ಇಂತಿ ನಿನ್ನ ಅಪ್ಪ,
ಹುಲಿಯಪ್ಪ