ಕೆಂಚನ ಬಣ್ಣ ಬಿಟ್ಟ ಕಿಟಕಿ

ಮೂಡಲಹಟ್ಟಿ, ಆರನೆಯ ಸಾಲು, ಚಳ್ಳಕೆರೆ ಸೀಮೆ
ಇಸವಿ ೨೨೩೧, ಹದಿಮೂರನೆಯ ತಿಂಗಳಾದ ಮಬ್ಬುಮಾಸ, ಮೊದಲ ವಾರ

ಮನೆಯ ಕಿಟಕಿಗಳ ಸುತ್ತ ಬಣ್ಣ ಬದಲಿಸುವ ದೀಪದ ಪಟ್ಟಿ ಕಟ್ಟಬೇಕೆಂದು ಟೇಪು ಹಿಡಿದು ಕೂತಿರುವ ಹಿಂದಿನವರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಚೆಯವನಾದ ಪಾಲಯ್ಯ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಬಿಸಾಡಬೇಡಿ. ಹದಿಮೂರನೆಯ ತಿಂಗಳು ಅಂದರೆ ನಿಮ್ಮ ಅಧಿಕಮಾಸವಲ್ಲ. ಬೇಸಿಗೆಯ ತಲೆಯ ಮೇಲೆ ಕೆಂದೂಳು ಬಂದು ಕೂರುವ ಈ ದಿನಗಳನ್ನು ಯಾವ ತಿಂಗಳೂ ತನ್ನದು ಎನ್ನಲು ಒಪ್ಪಲಿಲ್ಲ. ಹಾಗಾಗಿ ಅವಕ್ಕೆ ಬೇರೆಯದೇ ತಿಂಗಳು ಮಾಡಿಕೊಟ್ಟರು. ಇನ್ನು ಮಾತು. ನೀವು ಆಡುವ ಕನ್ನಡಕ್ಕೆ ನಮ್ಮಲ್ಲಿ ಹಳಗನ್ನಡ ಎಂದು ಹೆಸರು. ನಾನು ಓದಿದ್ದು ಹಟ್ಟಿಯ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಆದರೂ ಹಳಗನ್ನಡದಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮೇಡಂ ಅವರೇ ಪಾಠ ನಿಲ್ಲಿಸಿ, “ಪಾಲಯ್ಯ, ವೀಕೆಂಡ್ ಅಂದ್ರೆ ಅದು ಯಾವ ಹಬ್ಬನಪ್ಪಾ?” ಎಂದು ನನ್ನನ್ನು ಕೇಳಿದ್ದುಂಟು. ದೀಪಾವಳಿಗಿಂತ ದೊಡ್ಡದು, ಆದರೆ ವಾರಕ್ಕೊಮ್ಮೆ ಬರುತ್ತಿತ್ತು ಎಂದೆ. ಅವರು ಅದನ್ನೇ ಬೋರ್ಡಿನ ಮೇಲೆ ಬರೆದರು. ಇಷ್ಟು ಬಲ್ಲವನ ಬರವಣಿಗೆಯಲ್ಲೂ ಅಲ್ಲಲ್ಲಿ ವಿಚಿತ್ರವಾದ ಮಾತು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ಬರುತ್ತಿರುವುದು ಹಿಂಟಪಾಲಿನಲ್ಲಿ. ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮ ಜೇಬಿನ ಫೋನು ಹೇಗೆ ಮಾತಾಡುತ್ತದೆಂದು ನಿಮಗೇನು ಗೊತ್ತು? ಒಮ್ಮೆ ಹೋದ ಕಾಗದ ಯಾರ ಕೈಗೆ ಬಿತ್ತೆಂದು ತಿಳಿಯುವುದಿಲ್ಲ, ಉತ್ತರವೂ ಬರುವುದಿಲ್ಲ. ಈ ಮೊದಲು ನನ್ನ ಹೆಚ್ಚುಗಾರಿಕೆಯನ್ನು ಕೊಂಡಾಡಿಕೊಂಡು ಕೆಲವು ಕಾಗದ ಹಾಕಿದ್ದೇನೆ. ತಲುಪಿದ್ದರೆ ನಿಮಗೆ ನನ್ನ ಪರಿಚಯ ಇದ್ದೇ ಇರುತ್ತದೆ.

ಈ ಕೆಂದೂಳಿನ ಮಬ್ಬು ಇಳಿದಾಗ ಹೇಗಿರುತ್ತದೆಂದು ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಮಟಮಟ ಮಧ್ಯಾಹ್ನವೂ ಮುಸ್ಸಂಜೆಯಂತೆ ಇರುತ್ತದೆ. ಚಾಚಿದ ಕೈ ಮೊಣಕೈಯಿಂದ ಆಚೆಗೆ ಕಾಣುವುದಿಲ್ಲ. ನಲ್ಲಿಗೆ ಹೋದವರು, ಅಂಗಡಿಗೆ ಹೋದವರು ತಮ್ಮ ಮನೆ ಯಾವುದೆಂದು ತಿಳಿಯದೆ ಅವರಿವರ ಬಾಗಿಲು ತಡವುತ್ತಾರೆ. ಅದಕ್ಕೇ ನಮಗೆ ಕಿಟಕಿ. ನೀವು ಎಲ್‌ಇಡಿ ಎನ್ನುವುದನ್ನು ನಾವು ಮಣಿ ಎನ್ನುತ್ತೇವೆ. ಹಬ್ಬಕ್ಕೆಂದು, ಎದುರುಮನೆಯವರ ಹೊಟ್ಟೆ ಉರಿಯಲೆಂದು ನೀವು ಕಿಟಕಿಯ ಸುತ್ತ ಕಟ್ಟುವ ಮಣಿಪಟ್ಟಿಯೇ ನಮ್ಮಲ್ಲಿ ಮನೆಯ ಗುರುತು. ನಾಮಕರಣದ ದಿನ ಪ್ರತಿಯೊಬ್ಬರಿಗೂ ಹೆಸರಿನ ಜೊತೆ ಒಂದು ಬಣ್ಣ ಇಡುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಬಣ್ಣ ಕಿಟಕಿಯ ಸುತ್ತ ಓಡುತ್ತಿರಬೇಕು. ಗಿಳಿಹಸಿರು ಎನ್ನುತ್ತೇವೆ, ಗಿಳಿ ನೋಡಿದವರು ಯಾರೂ ಇಲ್ಲ. ಮುತ್ತುಗದ ಬಣ್ಣ ಎನ್ನುತ್ತೇವೆ, ಮುತ್ತುಗ ಹೂವೋ ಹಣ್ಣೋ ಎಂದು ನಮ್ಮಲ್ಲಿ ಇವತ್ತಿಗೂ ಜಗಳವಿದೆ.

ಹೆಣ್ಣುಮಗಳು ಮದುವೆಯಾಗಿ ಕಾಲಿಟ್ಟ ಮನೆಗೆ ಅವಳ ಸೋದರಮಾವನೇ ಕಿಟಕಿ ಕಟ್ಟಬೇಕು. ಆಮೇಲೆ ಏನೇ ಬದಲಾವಣೆ ಆದರೂ ಅವನೇ ಏಣಿ ಹತ್ತಬೇಕು. ನನಗಿರುವ ಸೊಸೆ ಒಬ್ಬಳೇ, ಸತ್ತ ನನ್ನ ಅಕ್ಕನ ಮಗಳು ಬೋರಕ್ಕ. ಆದರೆ ನನ್ನ ಕೈಗುಣ ನೋಡಿ ಅರ್ಧ ಹಟ್ಟಿಯವರು ನನ್ನನ್ನು ಎರವಲು ಸೋದರಮಾವನನ್ನಾಗಿ ಮಾಡಿಕೊಂಡಿದ್ದಾರೆ. ಸ್ವಂತ ಸೋದರಮಾವಂದಿರು ಹಿಂದೆ ನಿಂತು ಏಣಿ ಹಿಡಿಯುತ್ತಾರೆ. ನನ್ನ ವಿದ್ಯೆಯನ್ನು ಸ್ವಲ್ಪ ನಿಮಗೂ ಹೇಳಿಕೊಡುತ್ತೇನೆ, ಇರಲಿ. ಮಣಿ ಕೊಳ್ಳುವ ಮೊದಲು ಬೀದಿಗೆ ಇಳಿದು, ಕಿಟಕಿಯನ್ನು ನೋಡುವವರು ಎಲ್ಲಿಂದ ನೋಡುತ್ತಾರೆಂದು ನೋಡಿಕೊಳ್ಳಿ. ಚೌಕಟ್ಟನ್ನು ಅಳೆಯುವಾಗ ಮೂಲೆಯ ತಿರುವಿಗೆ ಒಂದಿಷ್ಟು ಹೆಚ್ಚು ಬಿಡಿ, ಪಟ್ಟಿ ಬಟ್ಟೆಯಂತೆ ಮಡಚುವುದಿಲ್ಲ. ಕರೆಂಟನ್ನು ಒಂದೇ ತುದಿಯಿಂದ ಕೊಟ್ಟರೆ ಕೊನೆಯ ಮಣಿಗಳಿಗೆ ಸಾಲದೆ ಬಿಳಿ ಹಳದಿಗೆ ತಿರುಗುತ್ತದೆ. ಎರಡೂ ತುದಿಗೆ ಕೊಡಿ. ಯಾವ ಬಣ್ಣ ಎಲ್ಲಿಂದ ಹೊರಟು ಎಲ್ಲಿ ಆರಬೇಕೆಂದು ಬರೆಯುವುದಕ್ಕೆ ನಾವು ನಡೆ ಎನ್ನುತ್ತೇವೆ. ನಡೆಯನ್ನು ಮೊದಲು ಇದ್ದಿಲಿನಿಂದ ಗೋಡೆಯ ಮೇಲೆ ಗೀಚಿ, ಕಣ್ಣು ಒಪ್ಪಿದ ಮೇಲೆ ಯಂತ್ರಕ್ಕೆ ಊಡಿಸಬೇಕು.

ಬೋರಕ್ಕನ ಮದುವೆಗೆ ನಾನು ಬರೆದುಕೊಟ್ಟ ನಡೆ ಹೀಗಿತ್ತು. ಅವಳ ಅತ್ತೆ ದುರುಗಮ್ಮನ ಕುಂಕುಮ ಬಣ್ಣ ಮೊದಲು ಹೊತ್ತಿ, ಹಿರಿಯರ ಗತ್ತಿನಲ್ಲಿ ಒಂದು ಸುತ್ತು ಬರುತ್ತದೆ. ಆಮೇಲೆ ಕೆಳಗಿನ ಎಡಮೂಲೆಯಿಂದ ಬೋರಕ್ಕನ ಗಿಳಿಹಸಿರು, ಬಲಮೂಲೆಯಿಂದ ಅವಳ ಗಂಡ ಕೆಂಚನ ಮುತ್ತುಗ ಒಟ್ಟಿಗೆ ಹೊರಟು, ಮೇಲೆ ನಡುವಿನಲ್ಲಿ ಮುಖಾಮುಖಿ ಆಗುತ್ತವೆ. ಅದನ್ನು ನೋಡಲೆಂದೇ ಪಕ್ಕದ ಹಟ್ಟಿಗಳಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಬೇಕಾದರೆ ಯಾರನ್ನಾದರೂ ಕೇಳಿ.

ಹೋದ ಮಬ್ಬಿನಲ್ಲಿ ಹಟ್ಟಿಯ ಪಡುವಣಕ್ಕೆ ಧೂಳು ತಡೆಯಲೆಂದು ಇರುವ ಗಾಳಿಗೋಡೆ ಬಿರುಕು ಬಿಟ್ಟಿತು. ಮುಚ್ಚಲು ಹೋದವರಲ್ಲಿ ಕೆಂಚನೂ ಒಬ್ಬ. ಜೊತೆಗೆ ಹೋದವರು ಬಂದರು. ಅವನು ಬರಲಿಲ್ಲ. ಧೂಳು ಅಡಗಿದ ಮೇಲೆ ಹುಡುಕಿದೆವು. ಚಪ್ಪಲಿ ಕೂಡ ಸಿಗಲಿಲ್ಲ.

ಕಳೆದುಹೋದವರ ಬಣ್ಣ ಮುಂದಿನ ಮಬ್ಬಿನವರೆಗೆ ಕಿಟಕಿಯಲ್ಲಿ ಇರಬಹುದು, ಆಮೇಲೆ ತೆಗೆಯಬೇಕು. ಇದು ಕಲ್ಲುಮನಸ್ಸಿನ ಕಟ್ಟಳೆ ಎಂದುಕೊಳ್ಳಬೇಡಿ. ಮಬ್ಬಿನಲ್ಲಿ ಕಾವಲಿನವರು ಸಾಲುಸಾಲಾಗಿ ಬಂದು, ಕಿಟಕಿಯ ಬಣ್ಣ ನೋಡಿ ತಲೆ ಎಣಿಸುತ್ತಾರೆ. ಬಣ್ಣವಿದ್ದು ಆಳು ಇಲ್ಲದಿದ್ದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹುಡುಕಲು ಹೋಗುತ್ತಾರೆ. ಹಾಗೆ ಹೋದವರೂ ತಿರುಗಿ ಬಾರದಿರುವುದುಂಟು. ಆದ್ದರಿಂದ ಈ ಸಲ ಮಬ್ಬು ಇಳಿದ ನಾಲ್ಕನೆಯ ದಿನ ಬೋರಕ್ಕ ನನಗೆ ಹೇಳಿಕಳಿಸಿದಳು. ಮಣಿಪಟ್ಟಿಯ ಸುರುಳಿ ಹೆಗಲಿಗೆ ಹಾಕಿಕೊಂಡು, ಮನೆಸಾಲಿನ ಉದ್ದಕ್ಕೂ ಕಟ್ಟಿರುವ ಹಗ್ಗ ಹಿಡಿದು ಹೋದೆ. ದಾರಿಯಲ್ಲಿ ದುಃಖ ಬರಬಹುದೆಂದು ಕಾದೆ. ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಮೈಯೆಲ್ಲ ಹಾಗಿತ್ತು.

ದುರುಗಮ್ಮ ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ನನ್ನ ಬಾಯಿ ಅಭ್ಯಾಸದಂತೆ ತನ್ನ ಪಾಡಿಗೆ ತಾನು ಶುರುವಾಯಿತು.

“ಏನ್ ಬೀಗ್ತಿ, ಏಣಿ ಕಾಯೋ ಕೆಲ್ಸ ಯಾವಾಗಿಂದ ಹಿಡ್ದೆ?”

“ನೀನು ಹತ್ತಬಾರ್ದು ಅಂತ ಕುಂತಿದೀನಿ.”

“ಏಳು ಹಟ್ಟಿ ಕರುದ್ರೂ ಹೋಗ್ದಿರೋ ಕಿಟಕಿಗಾರ ಬಾಗ್ಲಿಗೆ ಬಂದಿದೀನಿ. ಬೆಲ್ಲ ನೀರು ಕೊಡಾದು ಬಿಟ್ಟು ಹಿಂಗಂತೀಯಲ್ಲ.”

“ಬೆಲ್ಲ ಒಳಗೈತೆ. ತಿನ್ಕಂಡು ಹೊಂಡು.”

ಬೋರಕ್ಕ ನಗಲಿಲ್ಲ. ಅವಳು ಒಳಗೆ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ನಾನು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಗೀಚತೊಡಗಿದೆ. ಮುತ್ತುಗ ತೆಗೆದರೆ ಬಲಬದಿ ಖಾಲಿ. ಹಸಿರು ಮೇಲೆ ನಡುವಿನವರೆಗೆ ಬಂದು ನಿಂತರೆ ಅರ್ಧ ಕಿಟಕಿ ಕತ್ತಲು.

“ಕತ್ಲೇನೇ ಇರ್ಲಿ ಬಿಡು. ಅದು ಅವ್ನ ಜಾಗ,” ಎಂದಳು ದುರುಗಮ್ಮ.

“ಆಗಾಕಿಲ್ಲ ಬೀಗ್ತಿ,” ಎಂದೆ. “ಕತ್ಲು ಕಂಡ್ರೆ ಕಾವಲಿನೋರು ಪಾಳುಮನೆ ಅಂತ ಬಾಗ್ಲಿಗೆ ಹಲಗೆ ಹೊಡೀತಾರೆ. ಹಸುರು ಬಲಗಡೇಗೂ ಇಳೀಬೇಕಾಗ್ತತೆ.”

“ಬರಿ ಮಾವ,” ಎಂದಳು ಬೋರಕ್ಕ, ಬಟ್ಟೆ ತುರುಕುತ್ತಲೇ. “ಆ ಕಡೇನೂ ನಾನೇ ಇಳೀತೀನಿ.”

“ಅವ್ನು ಬಂದ್ರೆ ಏನು ನೋಡ್ಕಂಡು ಬರ್ಬೇಕೇ?” ದುರುಗಮ್ಮ ಕೇಳಿದ್ದು ಸೊಸೆಯನ್ನು. ಆದರೆ ನೋಡಿದ್ದು ನೆಲವನ್ನು.

“ಮಬ್ಬು ಇಳ್ದಾಗಿಂದ ಕಾವಲಿನೋರು ದಿನಾ ಬಾಗ್ಲು ತಟ್ಟಿ ಮುತ್ತುಗ ಎಲ್ಲೈತೆ ಅಂತಾರೆ ಅತ್ತೆ. ದಿನಾ ನಾನೇ ಎದ್ದೋಗಿ ಇಲ್ಲ ಅಂತೀನಿ. ನಾಳೆ ನೀವು ಹೋಗಿ ಅಂದ್‌ಬನ್ನಿ.”

ಅವಳ ದನಿ ಏರಲಿಲ್ಲ. ಉಪ್ಪು ಮುಗಿದಿದೆ ಎನ್ನುವವರ ದನಿಯಂತಿತ್ತು. ದುರುಗಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದು, ಏಣಿ ಬಿಟ್ಟು ಗೋಡೆಗೆ ಒರಗಿ ನಿಂತಳು. ನಾನು ಹತ್ತಿದೆ. ಹಳೆಯ ಪಟ್ಟಿ ಬಿಚ್ಚಿದೆ, ಹೊಸದು ಕೂರಿಸಿದೆ, ಮೂಲೆ ತಿರುಗಿಸಿದೆ, ಹೊಸ ನಡೆ ಊಡಿಸಿದೆ. ಕೈ ಒಂದು ಕಡೆಯೂ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅನ್ನಿಸಿತೇ ಎಂದರೆ ಅದೂ ಇಲ್ಲ.

ಕಿಟಕಿ ಹೊತ್ತಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಸ ನಡೆ ಆದಾಗ ಮನೆಯ ಹಿರಿಯರನ್ನು ಸಾಲಿನ ಕೊನೆಗೆ ಕರೆದೊಯ್ದು, ನಿಂತಲ್ಲೇ ಗಿರ್ರನೆ ತಿರುಗಿಸಿ ಕೈಬಿಡಬೇಕು. ಅವರು ಹಗ್ಗ ಮುಟ್ಟದೆ, ಬೆಳಕನ್ನೇ ನಂಬಿ ಮನೆ ಸೇರಬೇಕು. ಇದಕ್ಕೆ ದಾರಿ ಒಪ್ಪುವುದು ಎನ್ನುತ್ತೇವೆ. ಹಿರಿಯರು ನಡೆಯಲು ಒಲ್ಲೆ ಎಂದರೆ ಅಥವಾ ಬೇರೆ ಬಾಗಿಲಿಗೆ ಹೋದರೆ ಆ ಕಿಟಕಿ ಲೆಕ್ಕಕ್ಕಿಲ್ಲ. ಮನೆಗೆ ಬೀಗ ಹಾಕಿ, ಮಬ್ಬು ಮುಗಿಯುವವರೆಗೆ ಹಟ್ಟಿಯ ಛತ್ರದಲ್ಲಿ ಊರವರ ನಡುವೆ ಚಾಪೆ ಹಾಸಬೇಕು. ಬೋರಕ್ಕನಿಗೆ ಉಳಿದಿದ್ದುದು ಆ ಎರಡು ಕೋಣೆಯ ಮನೆಯೊಂದೇ. ಅದೀಗ ಮಗನ ಬಣ್ಣ ಕಳೆದುಕೊಂಡ ಮುದುಕಿಯ ಕಾಲಿನ ಮೇಲೆ ನಿಂತಿತ್ತು.

ದುರುಗಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು, “ನಡಿ,” ಎಂದಳು.

ಸಾಲಿನ ಕೊನೆಯಲ್ಲಿ ಅವಳನ್ನು ತಿರುಗಿಸಿ ಕೈಬಿಟ್ಟೆ. ಅವಳ ಹಿಂದೆಯೇ ನಡೆದು ಬರಬಹುದು, ಆದರೆ ಸೋದರಮಾವ ಉಸಿರೆತ್ತುವಂತಿಲ್ಲ. ಅವಳ ಬೆನ್ನು ಆಗಾಗ ಕಂಡು ಆಗಾಗ ಅಳಿಸಿಹೋಗುತ್ತಿತ್ತು. ಯಾರದೋ ಕಿಟಕಿ ಎದುರು ನಿಂತಳು. ಅದರಲ್ಲಿ ಕಿತ್ತಳೆಯಂಥದೊಂದು ಬಣ್ಣ ಓಡುತ್ತಿತ್ತು. ಅದು ಮುತ್ತುಗವಲ್ಲ, ಇನ್ನೂ ತೆಳು. ಅವಳು ಅದು ಪೂರ್ತಿ ಒಂದು ಸುತ್ತು ಬರುವವರೆಗೆ ನೋಡಿದಳು. ಆ ಬಾಗಿಲಿಗೆ ಕೈ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಕಲಿಲ್ಲ. ಮುಂದಕ್ಕೆ ಹೋದಳು. ಕುಂಕುಮ ಒಂದು ಸುತ್ತು ಬಂದು, ಹಸಿರು ಎಡಕ್ಕೆ ಹತ್ತಿ ಬಲಕ್ಕೆ ಇಳಿಯುತ್ತಿದ್ದ ಕಿಟಕಿಯ ಕೆಳಗೆ ಬಂದಾಗ ತಡವರಿಸದೆ ಹೊಸಿಲು ದಾಟಿದಳು.

“ಸಿಕ್ತು,” ಎಂದಳು. ಬೋರಕ್ಕ ಅವಳ ತಲೆಯ ಧೂಳು ಕೊಡವಿದಳು. “ಇಷ್ಟು ಸಲೀಸಾಗಿ ಸಿಗಬಾರ್ದಾಗಿತ್ತು ಕಣೋ ಪಾಲಯ್ಯ,” ಎಂದಳು ದುರುಗಮ್ಮ.

ಬೇರೆ ಯಾವ ಮನೆಯಲ್ಲಾದರೂ ಈ ಮಾತಿಗೆ ಎದೆ ತಟ್ಟಿಕೊಂಡು ಹಟ್ಟಿಗೆಲ್ಲ ಸಾರುತ್ತಿದ್ದೆ. ಅಂದು ಬೆಲ್ಲ ಬಾಯಿಗೆ ಹಾಕಿಕೊಂಡೆ. ಸಿಹಿಯೇನೋ ಇತ್ತು. ನಾನು ಹೊರಟು ನಿಂತಾಗ ದುರುಗಮ್ಮ ಬಾಗಿಲಿಗೆ ಬಂದಳು.

“ಅಕ್ಕಪಕ್ಕದ ಹಟ್ಟಿಗೆಲ್ಲ ಹೊಸ ನಡೆ ಹೇಳಿಕಳಿಸ್ತೀನಿ. ಈ ಕಾಲ್ದಾಗೆ ಹುಡುಕೋ ಜಾಗ ಎಲ್ಲಾ ಹುಡುಕಿ ಆಯ್ತು. ನೀನು ಹಿಂದಕ್ಕೂ ಬರೀತೀನಿ ಅಂತ ಕೊಚ್ಕತಿಯಲ್ಲ, ಅಲ್ಲಿಗೂ ಒಂದು ಬರಿ. ಮಬ್ಬಿನಾಗೆ ದಿಕ್ಕು ತಪ್ಪಿದೋನು ಎತ್ಲಾಗೆ ನಡ್ದನೋ ಯಾರಿಗೆ ಗೊತ್ತು.”

ಹಾಗೆಲ್ಲ ಮನುಷ್ಯರು ಕಾಲದಲ್ಲಿ ಹಿಂದಕ್ಕೆ ನಡೆಯುವುದಿಲ್ಲ, ಕಾಗದ ಮಾತ್ರ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಬೋರಕ್ಕ ನನ್ನ ಮುಖ ನೋಡಿದಳು. ಬರೆಯುತ್ತೇನೆ ಎಂದು ಹೇಳಿ ಬಂದೆ. ಬರೆದಿದ್ದೇನೆ.

ನಿಮ್ಮ ಕಿಟಕಿಯ ಮಣಿಗಳಿಗೆ ಯಾವ ಬಣ್ಣ ಬೇಕಾದರೂ ಹಾಕಿಕೊಳ್ಳಿ, ಅದು ನಿಮ್ಮ ಸಂತೋಷ. ಮುತ್ತುಗದ ಬಣ್ಣ ಹಾಕಿದವರಿಗೆ ಮಾತ್ರ ಒಂದು ಕೋರಿಕೆ. ಮೈತುಂಬ ಕೆಂದೂಳು ಮೆತ್ತಿಕೊಂಡ ಎತ್ತರದ ಆಳೊಬ್ಬ, ಎಡಗಿವಿಯ ತುದಿ ಕೊಂಚ ಹರಿದವನು, ನಿಮ್ಮ ಕಿಟಕಿಯ ಕೆಳಗೆ ನಿಂತು ದಿಟ್ಟಿಸುತ್ತಿದ್ದರೆ ಕಳ್ಳನೆಂದು ಕೂಗಬೇಡಿ. ಒಂದು ಲೋಟ ನೀರು ಕೊಡಿ, ಇದು ನಿನ್ನ ಮನೆಯಲ್ಲ ಎನ್ನಿ. ಆಮೇಲೆ ಅವನಿಗೆ ನಡೆ ಬಾಯಿಪಾಠ ಮಾಡಿಸಿ: ಆರನೆಯ ಸಾಲು, ಮೊದಲು ಕುಂಕುಮ ಒಂದು ಸುತ್ತು, ಆಮೇಲೆ ಗಿಳಿಹಸಿರು ಒಂದೇ, ಎಡಕ್ಕೆ ಹತ್ತಿ ಬಲಕ್ಕೆ ಇಳಿಯುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಬೇಗ ಬಾ ಅಂದರು ಎಂದು ನೀವಾಗಿ ಸೇರಿಸಬೇಡಿ. ಬಣ್ಣ ಹೇಳಿದರೆ ಸಾಕು ಅಂದಿದ್ದಾಳೆ ದುರುಗಮ್ಮ.

ಬೋರಕ್ಕನ ಸೋದರಮಾವ,
ಪಾಲಯ್ಯ