ಅಕ್ಕನ ಹೆಸರಿನ ದೋಣಿ

ಹ್ಯಾರಿಸನ್, ನ್ಯೂಜೆರ್ಸಿ
20 ಮೇ 2001

ಚಿರಂಜೀವಿ ಶಶಿಧರನಿಗೆ ಶಿವಕ್ಕನ ಆಶೀರ್ವಾದಗಳು.

ನಿನ್ನ ಇಮೇಲ್ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಕಂಪ್ಯೂಟರಿನ ಮುಂದೆ ಕೂತು ಎದ್ದೆ. ಕೊನೆಗೆ ಕಾಗದವೇ ಸರಿ ಅನಿಸಿತು. ಸ್ಮಿತಾಳಿಗೆ ರಾಟರ್‌ಡ್ಯಾಮಿನ ಥಂಡಿ ಒಗ್ಗಿತೇ? ಅವಳು ಕೇಳಿದ್ದ ಶೇಂಗಾ ಚಟ್ನಿಪುಡಿಯನ್ನು ಬೇರೆ ಡಬ್ಬಿಯಲ್ಲಿ ಅಂಚೆಗೆ ಹಾಕಿದ್ದೇನೆ.

ನಿನ್ನ ದೋಣಿ ರಾಟರ್‌ಡ್ಯಾಮಿಗೆ ಹೊರಟಿತು. ಶುಕ್ರವಾರ ಕ್ರೇನಿನವರು ಅದನ್ನು ನೀರಿನಿಂದ ಎತ್ತಿ, ಹಾಯಿಕಂಬ ಬಿಚ್ಚಿ ಪಕ್ಕಕ್ಕೆ ಕಟ್ಟಿ, ಟ್ರಕ್ಕಿನ ಮೇಲೆ ಕೂರಿಸಿದರು. ಅದನ್ನು ಒಯ್ಯುವ ಹಡಗು ಮಂಗಳವಾರ ಹೊರಡುತ್ತದೆ. ನೀನು ಹೋದ ಮೇಲೂ ನಾನು ಭಾನುವಾರಗಳಂದು ದೋಣಿ ಕಟ್ಟಿದ್ದ ಮರೀನಾಗೆ ಹೋಗುತ್ತಿದ್ದೆ. ಹಾಯಿ ಬಿಚ್ಚಲು ನನಗೆ ಬರುವುದಿಲ್ಲ. ಟಾರ್ಪಾಲಿನ ಮೇಲೆ ನಿಂತ ಮಳೆನೀರು ಚೆಲ್ಲಿ, ಒಳಗೆ ಕೂತು ಬುತ್ತಿ ತಿಂದು, ನಾಲ್ಕು ಪುಟ ಓದಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಇವತ್ತೂ ಬೆಳಿಗ್ಗೆ ಎದ್ದವಳೇ ಬುತ್ತಿ ಕಟ್ಟಿಬಿಟ್ಟೆ. ಆಮೇಲೆ ನೆನಪಾಯಿತು. ಅದನ್ನು ಅಡುಗೆಮನೆಯಲ್ಲೇ ನಿಂತು ತಿಂದೆ.

ತೆರಿಗೆಯ ವಿಷಯ ನಿನಗೆ ಪೂರ್ತಿ ತಿಳಿದಿರಲಿ. ಹೊರಗಿನಿಂದ ಬಂದ ದೋಣಿಗೆ ಅಲ್ಲಿ ಶೇಕಡಾ ಹತ್ತೊಂಬತ್ತು ಮಾರಾಟ ತೆರಿಗೆ. ಅದೂ ಹಡಗಿನ ಬಾಡಿಗೆಯನ್ನು ಬೆಲೆಗೆ ಸೇರಿಸಿ. ಅಲ್ಲೇ ನೆಲೆಸಲು ಹೋಗುವವರು ತಮ್ಮ ದೋಣಿಯನ್ನು ಮನೆಸಾಮಾನಿನ ಹಾಗೆ ಒಯ್ದರೆ ತೆರಿಗೆ ಇಲ್ಲ. ಆದರೆ ಅದು ಹೋಗುವ ಮೊದಲು ಆರು ತಿಂಗಳಾದರೂ ಅವರದೇ ಆಗಿದ್ದು, ಅವರೇ ಬಳಸಿರಬೇಕು. ನೆಲೆಸಲು ಹೋದವನು ನೀನು. ದೋಣಿ ಮಾತ್ರ ನನ್ನ ಹೆಸರಿನಲ್ಲಿದೆ.

ಎರಡು ವರ್ಷದ ಹಿಂದೆ, ನಿನ್ನ ಕಂಪನಿಯ ಷೇರು ಮಾರಿ ನೀನು ಅದನ್ನು ಕೊಂಡ ದಿನ, ಕಾಗದದಲ್ಲಿ ಯಾರ ಹೆಸರು ಬರೆಯಲಿ ಎಂದು ಮಾರುವವನು ಕೇಳಿದ. ನೀನು ನನ್ನ ಕಡೆ ತಿರುಗಿ, "ನಿನ್ನ ಹೆಸರ್ಲೆ ಇರ್ಲಿ ಅಕ್ಕಾ. ನಮ್ಮ ಮನ್ಯಾಗ ಏನ ತಗೊಂಡ್ರೂ ಹಿರ್ಯಾರ ಹೆಸರ್ಲೆ ಅಲ್ಲೇನ?" ಅಂದೆ.

"ಈಜು ಬರದಾಕಿ ಹೆಸರ್ಲೆ ದೋಣಿ ತಗೋತಿಯಲ್ಲೋ, ಹುಚ್ಚ!" ಅಂತ ನಾನು ನಕ್ಕಿದ್ದೆ. ಒಳಗೆ ಬಹಳ ಹಿಗ್ಗಾಗಿತ್ತು.

ಸೀಕಾಕಸ್‌ನ ಸಾಗಣೆ ಏಜೆಂಟರ ಆಫೀಸಿನಲ್ಲಿ ಡೇನಿಯಲ್ ಎಂಬ ಹುಡುಗ ಇದನ್ನೆಲ್ಲ ಬಿಡಿಸಿ ಹೇಳಿದ. ತಾಯಿ ಧಾರವಾಡದವರು, ಇವನು ಇಲ್ಲೇ ಹುಟ್ಟಿದವನು. ಎರಡು ಫಾರಂ ಮುಂದಿಟ್ಟ.

"ಆಂಟಿ, ತಮ್ಮನ ಹೆಸರಿಗೆ ಈಗ ಮಾಡಿದ್ರೆ ನೋ ಯೂಸ್. ಈಸಿ ವೇ ಒಂದಿದೆ. ನೀವೇ ಮೂವ್ ಆಗಿ. ಓನರ್ ಹೋದ್ರೆ ನೋ ಟ್ಯಾಕ್ಸ್."

"ದೋಣಿ ಸಲುವಾಗಿ ನಾ ದೇಶಾ ಬಿಡಬೇಕೇನಪಾ?"

"ಬೋಟ್‌ಗಲ್ಲ ಆಂಟಿ, ಬ್ರದರ್‌ಗೆ. ಯೂ ಹ್ಯಾವ್ ಫ್ಯಾಮಿಲಿ ದೇರ್, ರೈಟ್?"

ಹೌದು ಅಂದೆ. ಎರಡೂ ಫಾರಂ ಚೀಲಕ್ಕೆ ಹಾಕಿಕೊಂಡು ಬಂದೆ. ತೆರಿಗೆ ಕಟ್ಟುವುದು, ಇಲ್ಲವೇ ನಾನೇ ಅಲ್ಲಿಗೆ ಬಂದು ನೆಲೆಸುವುದು: ಎರಡೂ ದಾರಿಗಳನ್ನು ನಿನಗೆ ಬರೆದೆ. ಹತ್ತೇ ನಿಮಿಷದಲ್ಲಿ ನಿನ್ನ ಉತ್ತರ: "ತೆರಿಗಿ ಕಟ್ಟಿಬಿಡೋಣ ಅಕ್ಕಾ. ಎರಡನೇದು ಸುಮ್ಮನ ತಲಿಬ್ಯಾನಿ. ರೊಕ್ಕ ನಾ ಕಳಸ್ತೀನಿ."

ಹೋದ ವಾರ ಫ್ಲೋರಲ್ ಪಾರ್ಕಿನ ಅಂಗಡಿಯಲ್ಲಿ ರುದ್ರಮ್ಮ ಸಿಕ್ಕಿದ್ದರು. ನೀನು ಇಲ್ಲಿದ್ದಾಗ ನಮ್ಮಿಬ್ಬರನ್ನೂ ಊಟಕ್ಕೆ ಕರೆಯುತ್ತಿದ್ದರಲ್ಲ, ಅವರೇ. ಬದನೆಕಾಯಿ ಆರಿಸುತ್ತಲೇ, "ತಮ್ಮ ದೋಣಿ ಕರಸ್ಕೊಳ್ಳಾಕತ್ತಾನಂತ. ಅಕ್ಕನ್ನ ಯಾವಾಗ ಕರಸ್ಕೋತಾನ?" ಅಂದರು. "ಮೊದಲ ದೋಣಿ ಮುಟ್ಲಿ ಬಿಡ್ರಿ" ಅಂದೆ. ಅವರು ನಕ್ಕರು, ನಾನೂ ನಕ್ಕೆ.

ತೆರಿಗೆಯ ರಸೀದಿ ಬಂದ ಮೇಲೆ ಅದರ ಒಂದು ಪ್ರತಿಯನ್ನು ದೋಣಿಯಲ್ಲೇ ಇಡು; ಬೇರೆ ದೇಶದ ಬಂದರುಗಳಲ್ಲಿ ಕೇಳುತ್ತಾರಂತೆ. ಒಮ್ಮೆ ಕಟ್ಟಿದರೆ ಅಲ್ಲಿನದೇ ದೋಣಿಯಾಗುತ್ತದೆ, ಮತ್ತೆ ಯಾರೂ ತಡೆಯುವುದಿಲ್ಲ ಎಂದು ಡೇನಿಯಲ್ ಹೇಳಿದ. ನಿನ್ನ ಹೆಸರಿಗೆ ಮಾಡಿಕೊಳ್ಳುವ ಕಾಗದಕ್ಕೂ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಗಾಳಿ ಜೋರಿದ್ದ ದಿನ ಸ್ಮಿತಾಳನ್ನು ಕರೆದುಕೊಂಡು ಹೋಗಬೇಡ. ಗಂಡ-ಹೆಂಡತಿ ಇಬ್ಬರೂ ನಗುನಗುತ್ತ ಬಾಳಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿನ್ನ
ಶಿವಕ್ಕ

ಮತ್ತೊಂದು ಮಾತು: ರೊಕ್ಕ ಕಳಿಸಬೇಡ, ನಾನೇ ಕಟ್ಟುತ್ತೇನೆ. ಎರಡೂ ದಾರಿ ನಿನಗೆ ಬರೆಯುವ ಮುಂಚೆಯೇ ನಾನು ಕೆಲಸ ಮಾಡುವ ಕಂಪನಿಯ ಲೈಡನ್ ಶಾಖೆಗೆ ವರ್ಗ ಕೇಳಿದ್ದೆ; ಕೊಟ್ಟಿದ್ದರು. ರಾಟರ್‌ಡ್ಯಾಮಿನಿಂದ ರೈಲಿನಲ್ಲಿ ಅರ್ಧ ಗಂಟೆಯಂತೆ. ಅದನ್ನು ನಿನಗೆ ಬರೆಯಲಿಲ್ಲ. "ನೀನೂ ಬಾ" ಎಂದು ನೀನು ಅಂದರೆ ಆಗ ಹೇಳೋಣ ಎಂದುಕೊಂಡಿದ್ದೆ. ನಿನ್ನ ಉತ್ತರ ಬಂದ ಮೇಲೂ ಮೂರು ವಾರ ಕಾದೆ. ಗುರುವಾರ ವರ್ಗ ಬೇಡವೆಂದು ಬರೆದುಕೊಟ್ಟು, ಸೀಕಾಕಸ್‌ಗೆ ಹೋಗಿ, ತೆರಿಗೆ ಕಟ್ಟುವ ಫಾರಂಗೆ ಸಹಿ ಹಾಕಿದೆ.